ಸ್ಟೇಪಲ್‌ಹರ್ಸ್ಟ್‌ನಿಂದ ಭೋಪಾಲದವರೆಗೆ: ಆಘಾತದ ಅರಿವು ಬೆಳೆದ ದಾರಿ

1865ರ ಜೂನ್ 9ರಂದು ಇಂಗ್ಲೆಂಡಿನ ಸ್ಟೇಪಲ್‌ಹರ್ಸ್ಟ್ ಬಳಿ ರೈಲೊಂದು ಹಳಿ ತಪ್ಪಿ, ಅದರ ಹಲವು ಬೋಗಿಗಳು ಸೇತುವೆಯಿಂದ ಕೆಳಗುರುಳಿದವು. ಹತ್ತು ಮಂದಿ ಸತ್ತರು. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಕುಳಿತಿದ್ದ ಬೋಗಿ ಕೆಳಗೆ ಬೀಳದೆ ವಾಲಿಕೊಂಡು ನಿಂತಿತು. ಹೊರಬಂದ ಡಿಕನ್ಸ್ ತಮ್ಮ ಟೋಪಿಯಲ್ಲಿ ನೀರು ತುಂಬಿ ತಂದು ಗಾಯಾಳುಗಳಿಗೆ ಕುಡಿಸಿದರು. ಅವರ ಮೈಮೇಲೆ ಹೇಳಿಕೊಳ್ಳುವಂಥ ಗಾಯವಿರಲಿಲ್ಲ. ಆದರೆ ಆಮೇಲೆ ಕೆಲ ದಿನ ಸ್ವರವೇ ಹೊರಡಲಿಲ್ಲ, ಕಾಗದ ಬರೆಯುವಾಗ ಕೈ ನಡುಗುತ್ತಿತ್ತು. ರೈಲು ಹತ್ತಿದರೆ ಕಾರಣವಿಲ್ಲದೆ ದಿಗಿಲು ಹುಟ್ಟುತ್ತಿತ್ತು. ಆ ದಿಗಿಲು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಗಾಯವೇ ಇಲ್ಲದವರು ಹೀಗೇಕೆ ಕುಸಿಯುತ್ತಾರೆ ಎಂಬ ಪ್ರಶ್ನೆಯನ್ನು ವೈದ್ಯಲೋಕ ಗಂಭೀರವಾಗಿ ಎತ್ತಿಕೊಂಡದ್ದು ಆ ಕಾಲದಲ್ಲೇ. 1866ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಎರಿಕ್ಸನ್, ಅಪಘಾತದ ಕುಲುಕಾಟದಿಂದ ಬೆನ್ನುಹುರಿಗೆ ಕಣ್ಣಿಗೆ ಕಾಣದ ಪೆಟ್ಟು ಬಿದ್ದಿರಬೇಕೆಂದರು. ಈ ತೊಂದರೆಗೆ ‘ರೈಲ್ವೆ ಸ್ಪೈನ್’ ಎಂಬ ಹೆಸರು ಬಿತ್ತು. ಪರಿಹಾರದ ದಾವೆಗಳು ಸಾಲುಗಟ್ಟಿದವು. ರೈಲ್ವೆ ಕಂಪನಿಯೊಂದರ ವೈದ್ಯ ಹರ್ಬರ್ಟ್ ಪೇಜ್ 1883ರಲ್ಲಿ, ಇದಕ್ಕೆ ಕಾರಣ ಬೆನ್ನುಹುರಿಯಲ್ಲ, ಭಯ ಎಂದು ವಾದಿಸಿದರು. ಹಾಗಾದರೆ ಈ ನರಳಾಟ ನಿಜವೋ ನಟನೆಯೋ? ಮುಂದಿನ ನೂರು ವರ್ಷ ಸಂತ್ರಸ್ತರ ಬೆನ್ನು ಹತ್ತಿದ್ದು ಇದೇ ಅನುಮಾನ.

ಅದರ ಕ್ರೂರ ಮುಖ ಕಂಡದ್ದು ಮೊದಲ ಮಹಾಯುದ್ಧದಲ್ಲಿ. ಕಂದಕಗಳಿಂದ ಬಂದ ಸೈನಿಕರಲ್ಲಿ ಕೆಲವರಿಗೆ ಮಾತು ನಿಂತಿತ್ತು, ಕೆಲವರಿಗೆ ನಡುಕ ಹಿಡಿದಿತ್ತು, ಇನ್ನು ಕೆಲವರಿಗೆ ಕಣ್ಣು ಕಾಣುತ್ತಿರಲಿಲ್ಲ. 1915ರಲ್ಲಿ ವೈದ್ಯ ಚಾರ್ಲ್ಸ್ ಮೈಯರ್ಸ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ‘ಶೆಲ್ ಶಾಕ್’ ಎಂದು ಕರೆದು ಬರೆದರು. ಸೇನೆಯ ಅನೇಕ ಅಧಿಕಾರಿಗಳಿಗೆ ಅದು ಬರೀ ಹೇಡಿತನವಾಗಿ ಕಂಡಿತು. ರಣರಂಗ ಬಿಟ್ಟು ಓಡಿದ್ದು, ಹೇಡಿತನ ತೋರಿದ್ದು ಮುಂತಾದ ಆರೋಪಗಳ ಮೇಲೆ ಬ್ರಿಟಿಷ್ ಸೇನೆ ಗುಂಡಿಟ್ಟು ಕೊಂದವರಲ್ಲಿ 306 ಮಂದಿಗೆ ಅಲ್ಲಿನ ಸರ್ಕಾರ ಕ್ಷಮಾದಾನ ಕೊಟ್ಟದ್ದು 2006ರಲ್ಲಿ. ಅವರಲ್ಲಿ ಎಷ್ಟು ಜನ ಕಾಯಿಲೆಯವರಿದ್ದರೋ ಇನ್ನು ತಿಳಿಯುವ ಹಾದಿಯಿಲ್ಲ.

ಅಮೆರಿಕದ ಏಬ್ರಮ್ ಕಾರ್ಡಿನರ್ ಆ ಯುದ್ಧದ ಮಾಜಿ ಸೈನಿಕರಿಗೆ ಚಿಕಿತ್ಸೆ ಕೊಟ್ಟ ಅನುಭವದಿಂದ 1941ರಲ್ಲಿ ಒಂದು ಮುಖ್ಯ ಮಾತು ಹೇಳಿದರು: ಅಪಾಯ ಮುಗಿದು ವರ್ಷಗಳು ಕಳೆದರೂ ಇವರ ದೇಹ ಇನ್ನೂ ಕಾವಲಿನಲ್ಲೇ ನಿಂತಿದೆ. ಮನಸ್ಸು, ದೇಹ ಎಂದು ಬೇರೆ ಮಾಡಿ ನೋಡಿದರೆ ಈ ಕಾಯಿಲೆ ಅರ್ಥವಾಗದು ಎಂಬ ಇಂದಿನ ತಿಳಿವಳಿಕೆಯ ಬೇರು ಇಲ್ಲಿದೆ.

ಆದರೂ ಅಧಿಕೃತ ಮನ್ನಣೆ ಸಿಗಲು ಚಳವಳಿಗಳೇ ಬೇಕಾದವು. ವಿಯೆಟ್ನಾಂನಿಂದ ಮರಳಿದ ಸೈನಿಕರು ಸಂಘಟಿತರಾಗಿ ದನಿ ಎತ್ತಿದರು. ಇತ್ತ ಬಾಸ್ಟನ್ನಿನಲ್ಲಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಅತ್ಯಾಚಾರಕ್ಕೆ ಒಳಗಾದ ಮಹಿಳೆಯರ ಮಾತು ಕೇಳಿ, ಅವರಲ್ಲಿ ಕಂಡ ಲಕ್ಷಣಗಳನ್ನು 1974ರಲ್ಲಿ ದಾಖಲಿಸಿದರು. ಕೊನೆಗೆ 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ‘ಪಿಟಿಎಸ್‌ಡಿ’ ಎಂಬ ಆಘಾತೋತ್ತರ ಒತ್ತಡದ ಕಾಯಿಲೆ ಸೇರಿತು. ರಣರಂಗದ ಆಘಾತವೂ ಮನೆಯೊಳಗಿನ ಹಿಂಸೆಯ ಆಘಾತವೂ ಒಂದೇ ಬಗೆಯವು ಎಂದು ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲಿ ಒತ್ತಿ ಹೇಳಿದರು. ವರ್ಷಗಟ್ಟಲೆ ತಪ್ಪಿಸಿಕೊಳ್ಳಲಾಗದೆ ಹಿಂಸೆ ಉಂಡವರ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಹೊಸ ಪಟ್ಟಿಯಲ್ಲಿ ಬೇರೆಯಾಗಿಯೇ ಗುರುತಿಸಿದೆ. ಆ ಪಟ್ಟಿ 2022ರಲ್ಲಿ ಜಾರಿಗೆ ಬಂದಿತು.

ದೇಹದೊಳಗೆ ಏನಾಗುತ್ತದೆ? ಬೆಂಕಿಯಿಂದ ಬದುಕಿ ಬಂದವರ ಮೂಗಿಗೆ ಹೊಗೆ ವಾಸನೆ ಬಡಿಯಿತೆನ್ನಿ. ಇದು ಪಕ್ಕದ ಮನೆಯ ಒಲೆಯ ಹೊಗೆ ಎಂದು ತಿಳಿಯುವ ಮೊದಲೇ ಮಿದುಳಿನ ಅಮಿಗ್ಡಲಾ ಅಪಾಯದ ಗಂಟೆ ಬಾರಿಸಿರುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಡವಗುಟ್ಟುತ್ತದೆ, ಕೈಕಾಲು ತಣ್ಣಗಾಗುತ್ತವೆ. ದಿನವೂ ಹೀಗಾದರೆ ನಿದ್ದೆ ಕೆಡುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ. ಕೆಲಸ ಕೈಬಿಡುತ್ತದೆ, ಮನೆಮಂದಿ ದೂರವಾಗುತ್ತಾರೆ. 1998ರಲ್ಲಿ ಫೆಲಿಟಿ, ಆಂಡಾ ಮತ್ತು ಸಂಗಡಿಗರ ಅಧ್ಯಯನ ಇನ್ನೊಂದು ಸತ್ಯ ತೋರಿಸಿತು. ಬಾಲ್ಯದಲ್ಲಿ ಹಿಂಸೆ ಹೆಚ್ಚು ಕಂಡವರಿಗೆ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತದ ಚಟವಷ್ಟೇ ಅಲ್ಲ, ಹೃದ್ರೋಗ, ಶ್ವಾಸಕೋಶದ ಕಾಯಿಲೆಯೂ ಹೆಚ್ಚು. ಹಾಗೆಂದು ಎಲ್ಲವನ್ನೂ ಆಘಾತದ ತಲೆಗೇ ಕಟ್ಟುವಂತಿಲ್ಲ. ಪಿಟಿಎಸ್‌ಡಿ ಇರುವವರ ಮಿದುಳಿನಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗ ಚಿಕ್ಕದಿರುತ್ತದೆ ಎಂದು ಮೊದಲು ಕಂಡಿತ್ತು. 2002ರಲ್ಲಿ ಅವಳಿ ಸೋದರರನ್ನು ಹೋಲಿಸಿ ನೋಡಿದಾಗ, ಯುದ್ಧಕ್ಕೇ ಹೋಗದ ಸೋದರನಲ್ಲೂ ಅದು ಚಿಕ್ಕದಿತ್ತು. ಅಂದರೆ ಅದು ಆಘಾತದ ಪರಿಣಾಮವಷ್ಟೇ ಆಗಿರಬೇಕಿಲ್ಲ, ಮೊದಲೇ ಇದ್ದ ದೌರ್ಬಲ್ಯವೂ ಆಗಿರಬಹುದು.

ನಮ್ಮ ದೇಶದಲ್ಲಿ ಈ ಕಥೆ ಮೌನದಿಂದ ಶುರುವಾಗುತ್ತದೆ. 1947ರ ವಿಭಜನೆಯಲ್ಲಿ ಕೋಟಿಗೂ ಹೆಚ್ಚು ಜನ ನೆಲೆ ಕಳೆದುಕೊಂಡರೂ ಅಂದಿನ ಮನೋವೈದ್ಯ ಸಾಹಿತ್ಯ ಆ ಬಗ್ಗೆ ಹೆಚ್ಚುಕಡಿಮೆ ಬಾಯಿಬಿಡಲಿಲ್ಲ. ಆ ಮೌನವನ್ನೇ ಕೆದಕಿ ಬೆಂಗಳೂರಿನ ನಿಮ್ಹಾನ್ಸ್‌ನ ಸಂಜೀವ್ ಜೈನ್ ಮತ್ತು ದೆಹಲಿಯ ಅಲೋಕ್ ಸರಿನ್ 2018ರಲ್ಲಿ ಪುಸ್ತಕ ಸಂಪಾದಿಸಿದರು. ಮೌನ ಮುರಿಯುವ ಕೆಲಸಕ್ಕೆ ಮೊದಲು ಕೈಹಾಕಿದ ನಗರಗಳಲ್ಲಿ ಬೆಂಗಳೂರೂ ಒಂದು. 1981ರ ಫೆಬ್ರವರಿ 7ರಂದು ಇಲ್ಲಿನ ವೀನಸ್ ಸರ್ಕಸ್ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಮಕ್ಕಳು. ಅವರನ್ನು ಕಳೆದುಕೊಂಡ ಮನೆಯವರ ದುಃಖವನ್ನು ನಿಮ್ಹಾನ್ಸ್ ತಂಡ ಅಧ್ಯಯನ ಮಾಡಿತು.

ಸುಮಾರು ನಾಲ್ಕು ವರ್ಷಗಳ ನಂತರ ಭೋಪಾಲದ ವಿಷಾನಿಲ ದುರಂತ. ಅನಿಲ ಕುಡಿದು ಬದುಕುಳಿದವರು ಉಸಿರು ಕಟ್ಟುತ್ತದೆ, ನಿದ್ದೆಯಿಲ್ಲ, ಮೈಯಲ್ಲಿ ಶಕ್ತಿಯಿಲ್ಲ ಎಂದು ಚಿಕಿತ್ಸಾಲಯಗಳ ಮುಂದೆ ಸಾಲು ನಿಂತರು. ಹತ್ತು ಚಿಕಿತ್ಸಾಲಯಗಳಲ್ಲಿ 855 ರೋಗಿಗಳನ್ನು ಪರೀಕ್ಷಿಸಿದಾಗ 193 ಮಂದಿಯಲ್ಲಿ ಮಾನಸಿಕ ತೊಂದರೆ ಕಂಡಿತು. ಅವರಲ್ಲಿ ಹೆಚ್ಚಿನವರು ಹೆಂಗಸರು. ಪಾಶ್ಚಾತ್ಯ ಪುಸ್ತಕ ಹೇಳುವ ಪಿಟಿಎಸ್‌ಡಿಗಿಂತ ಖಿನ್ನತೆ, ಆತಂಕಗಳೇ ಹೆಚ್ಚಿದ್ದವು. ಅಷ್ಟು ಜನರಿಗೆ ಸಾಲುವಷ್ಟು ಮನೋವೈದ್ಯರು ಎಲ್ಲಿಂದ ಬರಬೇಕು? ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಮೋಹನ್ ಐಸಾಕ್ 1985ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು. 2004ರ ಸುನಾಮಿಯ ಹೊತ್ತಿಗೆ ಈ ತರಬೇತಿ ಶಿಕ್ಷಕರು, ಸ್ಥಳೀಯ ಸ್ವಯಂಸೇವಕರವರೆಗೂ ತಲುಪಿತು. 2009ರಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿತು.

ಚಿಕಿತ್ಸೆಯ ತಿಳಿವಳಿಕೆಯೂ ಮಾಗಿದೆ. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಹೇಳಿಸುವುದು ಒಂದು ಕಾಲಕ್ಕೆ ರೂಢಿಯಲ್ಲಿತ್ತು. ಅದರಿಂದ ಲಾಭವಿಲ್ಲ, ಕೆಲವರಿಗೆ ಕೇಡೂ ಆದೀತು ಎಂದು ಪರೀಕ್ಷೆಗಳು ತೋರಿಸಿದವು. ಈಗಿನ ಸಲಹೆ ಸರಳ: ಮೊದಲು ಸುರಕ್ಷಿತ ಜಾಗ, ಊಟ, ನೀರು, ಮನೆಯವರ ಸಂಪರ್ಕ. ಬಾಯಿಬಿಟ್ಟರೆ ಕೇಳಿ, ಬಲವಂತವಾಗಿ ಬಿಡಿಸಬೇಡಿ. ಬಹುಪಾಲು ಜನ ಕಾಲ ಕಳೆದಂತೆ ಚೇತರಿಸಿಕೊಳ್ಳುತ್ತಾರೆ. ಚೇತರಿಸಿಕೊಳ್ಳದವರಿಗೆ ಈಡ್ನಾ ಫೋವಾ ರೂಪಿಸಿದಂಥ, ಭಯದ ನೆನಪನ್ನು ಹಂತಹಂತವಾಗಿ ಎದುರಿಸುವ ಚಿಕಿತ್ಸೆಗಳಿವೆ.

ಈ ಕ್ಷೇತ್ರದ ಒಂದೊಂದು ಮುನ್ನಡೆಯೂ ನರಳುವವರ ಮಾತನ್ನು ನಂಬಿದ ಮೇಲೆಯೇ ಆದದ್ದು. ಕೊಡಗಿನ ಭೂಕುಸಿತವಿರಲಿ, ಉತ್ತರ ಕರ್ನಾಟಕದ ನೆರೆಯಿರಲಿ, ನಮ್ಮ ಪರಿಹಾರದ ಲೆಕ್ಕ ಇಂದಿಗೂ ಬಹುಮಟ್ಟಿಗೆ ಕುಸಿದ ಗೋಡೆ, ಕೊಚ್ಚಿಹೋದ ಬೆಳೆಗೇ ನಿಲ್ಲುತ್ತದೆ. ಮನಸ್ಸಿನ ಆರೈಕೆಯೂ ಅದೇ ಆದೇಶದಲ್ಲಿ, ಅದೇ ದಿನದಿಂದ ಸೇರಬೇಕು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಯಾರಾದರೂ ಹೀಗೆ ಬಳಲುತ್ತಿದ್ದರೆ ‘ಮರೆತುಬಿಡು’ ಎನ್ನಬೇಡಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಲು ನೆರವಾಗಿ. ಕನ್ನಡದಲ್ಲೇ ಮಾತಾಡಬಹುದು, ಹಗಲಿರುಳೂ ಸಿಗುತ್ತದೆ.