ಕಲ್ಲಿನ ಹಳಿಯ ಊರು

ರೈಲುಹಳಿ ಎಂದರೆ ಕಬ್ಬಿಣದ್ದೆಂದೇ ನಾವು ತಿಳಿದವರು. ಇಂಗ್ಲೆಂಡಿನ ಡೆವನ್ ಸೀಮೆಯ ಹೇಟರ್ ಎಂಬಲ್ಲಿ ಹಳಿಯೂ ಕಲ್ಲಿನದೇ. ಜಾರ್ಜ್ ಟೆಂಪ್ಲರ್ ಎಂಬ ಧಣಿ ಅಲ್ಲಿನ ಗ್ರಾನೈಟನ್ನೇ ಕೆತ್ತಿಸಿ, ಕಲ್ಲುಕೋರೆಯಿಂದ ಕಾಲುವೆಯವರೆಗೆ ಸುಮಾರು 8 ಮೈಲು ಹಳಿ ಹಾಸಿಸಿದನು. 1820ರಲ್ಲಿ ಅದು ಆರಂಭವಾಯಿತು. ಕಲ್ಲು ತುಂಬಿದ ಬಂಡಿಗಳು ಇಳಿಜಾರಿನಲ್ಲಿ ತಾವಾಗಿ ಇಳಿಯುತ್ತಿದ್ದವು. ಖಾಲಿ ಬಂಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು. ಕಾಲುವೆಯ ದೋಣಿ, ಕಡಲಿನ ಹಡಗು ದಾಟಿದ ಆ ಕಲ್ಲು 1831ರ ಲಂಡನ್ ಸೇತುವೆಗೆ ಸೇರಿತು. 1858ರ ಹೊತ್ತಿಗೆ ಬಂಡಿಗಳು ನಿಂತವು. ಸೇತುವೆಯೂ 1968ರಲ್ಲಿ ಅಮೇರಿಕಕ್ಕೆ ಮಾರಾಟವಾಯಿತು.

ಧಣಿಯ ಹೆಸರು, ಸೇತುವೆ ತೆರೆದ ರಾಜನ ಹೆಸರು ನಾನೋದಿದ ಪುಸ್ತಕಗಳಲ್ಲಿವೆ. ಕಲ್ಲು ಕೆತ್ತಿದವರದು ಇಲ್ಲ. ಬ್ಯಾಂಕಿನಲ್ಲಿ ದಿನವೂ ಜಮೆ-ಖರ್ಚು ಬರೆಯುವ ನನಗೆ ಇದು ತಾಳೆಯಾಗದ ಲೆಕ್ಕ. ಅವರ ಹಳಿ ಮಾತ್ರ ಆ ಬಯಲಿನಲ್ಲಿ ಇಂದಿಗೂ ಉಳಿದಿದೆ. ಉಳಿಯ ಆ ಗೆರೆಗಳನ್ನೇ ಅವರ ರುಜುವೆಂದು ಒಪ್ಪಿಕೊಳ್ಳೋಣ.