ಊದಿಕೊಂಡ ಮೂತ್ರಪಿಂಡ, ಹಿಗ್ಗದ ಪೊರೆ

ಮೈ ಬಾತುಕೊಳ್ಳಲು ಮೂತ್ರಪಿಂಡದ ರೋಗವೂ ಕಾರಣವೆಂದು ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್ 1827ರಲ್ಲಿ ತೋರಿಸಿಕೊಟ್ಟರು. ಮೂತ್ರಪಿಂಡವೇ ಊದಿಕೊಂಡರೆ? ಅದನ್ನು ಸುತ್ತುವರಿದ ಗಟ್ಟಿ ಪೊರೆ ಹೆಚ್ಚು ಹಿಗ್ಗದು. ಒಳಗಿನ ಒತ್ತಡ ಏರಿ, ರಕ್ತನಾಳಗಳು ಅದುಮಿ, ರಕ್ತ ಸೋಸುವ ಕೆಲಸ ಕುಂದುತ್ತದೆ.

ಹೀಗೆಂದು ತರ್ಕಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ರೆಜಿನಾಲ್ಡ್ ಹ್ಯಾರಿಸನ್, 1896ರಲ್ಲಿ ಮೂತ್ರಪಿಂಡವನ್ನು ಸೀಳಿ ಒತ್ತಡ ಇಳಿಸಬಹುದೆಂದರು. ನ್ಯೂಯಾರ್ಕಿನ ಜಾರ್ಜ್ ಎಡೆಬೋಲ್ಸ್ ಇನ್ನೂ ಮುಂದೆ ಹೋದರು. ಪೊರೆಯನ್ನೇ ಸುಲಿದು ತೆಗೆದರೆ ಹಳೆಯ ರೋಗವೂ ಗುಣವಾಗುವುದೆಂದು 1901ರಲ್ಲಿ ಸಾರಿದರು. ಆ ಭರವಸೆ ನಿಲ್ಲಲಿಲ್ಲ. ಅಂಥ ರೋಗಗಳ ಮೂಲ ಹೊರಗಿನ ಪೊರೆಯಲ್ಲಲ್ಲ, ರಕ್ತ ಸೋಸುವ ಸೂಕ್ಷ್ಮ ಭಾಗಗಳಲ್ಲೇ ಇರುತ್ತದೆ. ಶಸ್ತ್ರಕ್ರಿಯೆ ಮೂಲೆಗುಂಪಾಯಿತು.

ಆದರೆ ಒತ್ತಡದ ಮಾತು ಸುಳ್ಳಾಗಲಿಲ್ಲ. ಹೊಟ್ಟೆಯೊಳಗಿನ ಒತ್ತಡ ಏರಿದರೆ ಮೂತ್ರ ಇಳಿಮುಖವಾಗುತ್ತದೆ. ಅದಕ್ಕಾಗಿಯೇ ತೀವ್ರ ನಿಗಾ ಘಟಕದ ವೈದ್ಯರು ಇಂದು ಮೂತ್ರಕೋಶದಲ್ಲಿಟ್ಟ ನಳಿಕೆಯ ಮೂಲಕ ಆ ಒತ್ತಡವನ್ನು ಅಳೆಯುತ್ತಾರೆ.