ಟಿಟಿಎಫ್-1: ಹೆಸರು ಒಂದು, ವಂಶವಾಹಿ ಎರಡು

ನಮ್ಮ ಸದಸ್ಯರೊಬ್ಬರ ಮನೆಗೆ ಬಯಾಪ್ಸಿ ವರದಿ ಬಂತು. ಅದರಲ್ಲಿ 'ಟಿಟಿಎಫ್-1 ಪಾಸಿಟಿವ್' ಎಂದಿತ್ತು. ಮಗ ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕಿದ್ದು ಇಲಿಯ ವಂಶವಾಹಿಯೊಂದರ ವಿವರ, ಡಿಎನ್‌ಎ ನಕಲನ್ನು ನಿಲ್ಲಿಸುವಂಥದ್ದಂತೆ. ಮನೆಯವರು ಗಾಬರಿಯಾದರು. ಬೇರೆ ಸದಸ್ಯರಿಗೂ ಉಪಯೋಗವಾದೀತೆಂದು ಎರಡನ್ನೂ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಮೊದಲು ಇಲಿಯ ವಂಶವಾಹಿ. ಜೀವಕೋಶ ಒಡೆದು ಎರಡಾಗುವ ಮೊದಲು ಡಿಎನ್‌ಎ ಪೂರ್ತಿ ನಕಲಾಗಬೇಕು. ಈ ಕೆಲಸ ಸಾವಿರಾರು ಕಡೆ ಶುರುವಾಗುತ್ತದೆ. ಪ್ರತಿಯೊಂದು ಕಡೆಯಿಂದಲೂ ಎಡಕ್ಕೊಬ್ಬ, ಬಲಕ್ಕೊಬ್ಬ ಗುಮಾಸ್ತ ಲೆಡ್ಜರ್ ನಕಲು ಮಾಡುತ್ತಾ ಹೊರಟಂತೆ ಸಾಗುತ್ತದೆ. ಪಕ್ಕದ ಜಾಗದಿಂದ ಬಂದವನು ಎದುರಾದಲ್ಲಿ ಆ ಭಾಗದ ಕೆಲಸ ಮುಗಿಯಿತು. ಸಾಮಾನ್ಯವಾಗಿ ಇದಕ್ಕೆ ಗೊತ್ತಾದ ಜಾಗವಿಲ್ಲ.

ಆದರೆ ರೈಬೋಸೋಮಿಗೆ ಬೇಕಾದ ಆರ್‌ಎನ್‌ಎಯ ವಂಶವಾಹಿಗಳ ವಿಷಯ ಬೇರೆ. ಇವು ನೂರಾರು ಪ್ರತಿಗಳಾಗಿ ಸಾಲಾಗಿ ಕೂತಿವೆ. ಅವುಗಳಿಂದ ಆರ್‌ಎನ್‌ಎ ಬರೆಯುವ ಯಂತ್ರಗಳು ಒಂದರ ಹಿಂದೊಂದು ಒಂದೇ ದಿಕ್ಕಿಗೆ ಓಡುತ್ತಿರುತ್ತವೆ. ನಕಲು ಮಾಡುವವನು ಎದುರಿನಿಂದ ನುಗ್ಗಿದರೆ ಡಿಕ್ಕಿ, ಡಿಎನ್‌ಎ ತುಂಡಾಗುವ ಅಪಾಯವೂ ಉಂಟು. ಅದಕ್ಕೆಂದೇ ಇಲಿಯಲ್ಲಿ ಈ ವಂಶವಾಹಿಯ ಕೊನೆಗೆ 18 ಅಕ್ಷರಗಳ ಒಂದು ಗುರುತು ಹತ್ತು ಸಲ ಬರುತ್ತದೆ. ಅದಕ್ಕೆ 'ಸಾಲ್ ಬಾಕ್ಸ್' ಎಂದು ಹೆಸರು. ಸಾಲ್-1 ಎಂಬ ಕಿಣ್ವ ಕತ್ತರಿಸುವ ಜಾಗ ಅದರೊಳಗಿದೆ, ಹೆಸರು ಬಂದದ್ದು ಅಲ್ಲಿಂದ. ಟಿಟಿಎಫ್-1 ಪ್ರೋಟೀನು ಈ ಗುರುತಿಗೆ ಅಂಟಿಕೊಂಡು ಕೂರುತ್ತದೆ. ಆರ್‌ಎನ್‌ಎ ಬರೆಯುವುದನ್ನು ಅಲ್ಲಿಗೆ ಮುಗಿಸುವುದೂ ಇದೇ, ಎದುರು ದಿಕ್ಕಿನ ನಕಲನ್ನು ತಡೆಯುವುದೂ ಇದೇ. ಸ್ವಾರಸ್ಯವೆಂದರೆ ತಡೆ ಒಂದೇ ಕಡೆಗೆ: ಆರ್‌ಎನ್‌ಎ ಯಂತ್ರಗಳ ದಿಕ್ಕಿನಲ್ಲೇ ಬರುವ ನಕಲನ್ನು ಬಿಟ್ಟುಕೊಡುತ್ತದೆ. ತಡೆದು ನಿಂತದ್ದನ್ನು ಅದು ಬಂದು ಸೇರಿದಾಗ ಆ ಭಾಗ ಮುಗಿಯುತ್ತದೆ. ಜರ್ಮನಿಯ ಇಂಗ್ರಿಡ್ ಗ್ರುಮ್ಟ್, ಫ್ರೀಡ್ರಿಷ್ ಗ್ರುಮ್ಟ್ ಮತ್ತು ಸಂಗಡಿಗರು ಇದನ್ನು 1997ರಲ್ಲಿ 'ಸೆಲ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಇಲ್ಲಿ ಟಿಟಿಎಫ್ ಎಂದರೆ 'ಟ್ರಾನ್ಸ್‌ಕ್ರಿಪ್ಷನ್ ಟರ್ಮಿನೇಷನ್ ಫ್ಯಾಕ್ಟರ್'. ಈ ವಂಶವಾಹಿ ಇಲಿಯಲ್ಲಿ 2ನೇ ವರ್ಣತಂತುವಿನಲ್ಲಿದೆ, ಮನುಷ್ಯರಲ್ಲಿ 9ನೆಯದರಲ್ಲಿ.

ಬಯಾಪ್ಸಿ ವರದಿಯಲ್ಲಿದ್ದದ್ದು ಇದಲ್ಲವೇ ಅಲ್ಲ. ಅದು 'ಥೈರಾಯ್ಡ್ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್'. ಮನುಷ್ಯರಲ್ಲಿ 14ನೇ ವರ್ಣತಂತುವಿನಲ್ಲಿರುವ ಅದರ ವಂಶವಾಹಿಯ ಅಧಿಕೃತ ಹೆಸರು ಎನ್‌ಕೆಎಕ್ಸ್2-1. ಥೈರಾಯ್ಡ್ ಮತ್ತು ಶ್ವಾಸಕೋಶದ ಆರೋಗ್ಯವಂತ ಕೋಶಗಳಲ್ಲೂ ಈ ಪ್ರೋಟೀನು ಇರುತ್ತದೆ. ಹೀಗಾಗಿ, ಗಡ್ಡೆ ಹುಟ್ಟಿದ್ದು ಎಲ್ಲಿ ಎಂದು ಪತ್ತೆ ಮಾಡಲು ಪೆಥಾಲಜಿಯವರು ಬಣ್ಣ ಹಚ್ಚಿ ಇದನ್ನು ನೋಡುತ್ತಾರೆ. ಶ್ವಾಸಕೋಶದ ಅಡಿನೋಕಾರ್ಸಿನೋಮ ಬಹುಪಾಲು ಪಾಸಿಟಿವ್ ಬರುತ್ತದೆ, ಸ್ಕ್ವೇಮಸ್ ಬಗೆಯದು ಸಾಮಾನ್ಯವಾಗಿ ಬರುವುದಿಲ್ಲ. ಥೈರಾಯ್ಡ್ ಕ್ಯಾನ್ಸರಿನಲ್ಲೂ ಪಾಸಿಟಿವ್ ಬರಬಹುದು. ಕಾಯಿಲೆ ಎಷ್ಟು ಹರಡಿದೆ, ಎಷ್ಟನೇ ಹಂತ ಎಂಬುದನ್ನು ಈ ಒಂದು ಪದ ಹೇಳುವುದಿಲ್ಲ. ಅದನ್ನು ಸ್ಕ್ಯಾನ್ ಮುಂತಾದ ಬೇರೆ ಪರೀಕ್ಷೆಗಳ ಜೊತೆಗಿಟ್ಟು ವೈದ್ಯರೇ ತೀರ್ಮಾನಿಸಬೇಕು.

ಟರ್ಮಿನೇಷನ್ನಿನದಕ್ಕೆ ರೋಮನ್ ಅಂಕಿ ಹಾಕುವ ರೂಢಿಯೇನೋ ಉಂಟು, ಆದರೆ ಎಲ್ಲರೂ ಪಾಲಿಸುವುದಿಲ್ಲ. ವರದಿ ಕೈಯಲ್ಲಿ ಹಿಡಿದು ಹುಡುಕುವವರು ಎನ್‌ಕೆಎಕ್ಸ್2-1 ಎಂದೇ ಹುಡುಕಿರಿ, ಇಲಿ ಅಡ್ಡ ಬರುವುದು ಕಡಿಮೆ.